ನುಂಗಿ ತೋರಿಸುವ ಗುಳಿಗೆ

ಜೂನ್ ೧೬, ಸೋಮವಾರ

ಶಾಲೆಗಳು ಶುರುವಾದವು, ನನ್ನ ತಿರುಗಾಟವೂ ಶುರುವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರೋಗ್ಯದ ಪಾಠ, ತಪಾಸಣೆ, ಗುಳಿಗೆ ಎಲ್ಲವನ್ನೂ ಹೊಂದಿಸಿಕೊಡುವುದು ನನ್ನ ಕೆಲಸ. ಆದೇಶದಲ್ಲಿ ಸಂಯೋಜಕಿ ಎಂದು ಬರೆದಿದ್ದಾರೆ. ಅಂದರೆ ಆರೋಗ್ಯ ಇಲಾಖೆಯವರು ಶಿಕ್ಷಣ ಇಲಾಖೆಯ ಕಡೆ ಕೈ ತೋರಿಸುತ್ತಾರೆ, ಶಿಕ್ಷಣದವರು ಆರೋಗ್ಯದ ಕಡೆ ತೋರಿಸುತ್ತಾರೆ, ನಡುವೆ ದಾಕ್ಷಾಯಿಣಿ ಎಂಬ ನಾನು ಬಸ್ಸಿನ ಕಂಬಿ ಹಿಡಿದು ನಿಂತಿರುತ್ತೇನೆ.

ಇವತ್ತು ಮೂಡಲಗಿಯ ಆಚೆ ಒಳಗಿರುವ ಹೈಸ್ಕೂಲಿಗೆ ಹೋಗಿದ್ದೆ. ಹಳ್ಳದ ದಂಡೆಯಲ್ಲಿದೆ, ನಾನು ಅದನ್ನು ಹಳ್ಳದ ಸಾಲಿ ಎಂದೇ ಕರೆಯುವುದು. ಅಲ್ಲಿ ಆರೋಗ್ಯದ ಹೊಣೆ ಹೊತ್ತವರು ಮೈನಾಬಿ ಟೀಚರ್. ವಾರಕ್ಕೊಂದರಂತೆ ಮಕ್ಕಳಿಗೆ ಕೊಡಬೇಕಾದ ಕಬ್ಬಿಣಾಂಶದ ನೀಲಿ ಗುಳಿಗೆಗಳು ಅವರ ಕಪಾಟಿನಲ್ಲಿ ಕೀಲಿ ಹಾಕಿಕೊಂಡು ಸುಖವಾಗಿ ಕೂತಿದ್ದವು. ಯಾಕೆ ಕೊಟ್ಟಿಲ್ಲ ಎಂದರೆ, ಯಾರಿಗಾದರೂ ಏನಾದರೂ ಆದರೆ ಹೊಣೆ ಯಾರು ಎಂದು ನನ್ನನ್ನೇ ಕೇಳಿದರು. ಸಿಟ್ಟು ತಡೆಯಲಾಗಲಿಲ್ಲ. ರಕ್ತವಿಲ್ಲದೆ ಮಕ್ಕಳು ಒಣಗಿದರೆ ಹೊಣೆ ಯಾರು, ಕಪಾಟೇ ಎಂದು ಕೇಳಿದೆ. ಹೆಡ್‌ಮಾಸ್ತರ ಸಿದ್ರಾಯ ಸರ್ ಗಂಟೆ ನೋಡುವ ನೆಪ ಮಾಡಿ ಹೊರಗೆ ನಡೆದರು.

ಬಿಸಿಯೂಟ ಆದ ಮೇಲೆ ನಾನೇ ನಿಂತೆ. ನನ್ನದೊಂದು ರೂಢಿ ಇದೆ: ಮೊದಲ ಗುಳಿಗೆ ನಾನು ನುಂಗಿ ತೋರಿಸುತ್ತೇನೆ. ನಾಲಿಗೆ ಮೇಲಿಟ್ಟು, ನೀರು ಕುಡಿದು, ಬಾಯಿ ಅಗಲಿಸಿ ಮುಂದಿನ ಸಾಲಿನವರಿಗೆಲ್ಲ ತೋರಿಸುವುದು. ಹುಡುಗಿಯರು ನಕ್ಕು ನಕ್ಕು ತಾವೂ ನುಂಗುತ್ತಾರೆ. ಇವತ್ತೂ ಎಲ್ಲರೂ ನುಂಗಿದರು. ಹೆದರುವವರು ಈ ಕೆಲಸಕ್ಕೆ ಬರಲೇಬಾರದು.

ಜುಲೈ ೩, ಗುರುವಾರ

ತಪಾಸಣೆಯ ಗಾಡಿ ಹಳ್ಳದ ಸಾಲಿಗೆ ಬಂದಿತ್ತು. ಡಾಕ್ಟರ್ ಅಖ್ತರ ಸಾಹೇಬರು ಒಂಬತ್ತನೇ ತರಗತಿಯ ಒಬ್ಬಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ನನ್ನನ್ನು ಕರೆದರು. ಒಳಗೆ ಕೆಂಪು ಇರಲೇ ಇಲ್ಲ, ಸುಣ್ಣ ಬಳಿದಂತಿತ್ತು. ಬೆರಳು ಚುಚ್ಚಿ ನೋಡಿದರೆ ರಕ್ತದ ಪ್ರಮಾಣ ಆರು. ಹನ್ನೆರಡಿರಬೇಕು.

ಹುಡುಗಿಯ ಹೆಸರು ಲಕ್ಷ್ಮೀ. ಬೆಳಿಗ್ಗೆ ಪ್ರಾರ್ಥನೆ ಹೇಳಿಸುವವಳು ಇವಳೇ. ವಚನದ ನಡುವೆ ನಿಂತು ಉಸಿರು ತೆಗೆದುಕೊಂಡು ಮುಂದಕ್ಕೆ ಹೇಳುತ್ತಾಳಂತೆ. ಅದು ಅವಳ ರಾಗದ ಧಾಟಿ ಎಂದು ಶಾಲೆಯೆಲ್ಲ ತಿಳಿದಿತ್ತು. ಉಳಿದ ಮಕ್ಕಳೂ ಅಲ್ಲಲ್ಲೇ ನಿಂತು ಹೇಳುವುದನ್ನು ಕಲಿತುಬಿಟ್ಟಿದ್ದಾರೆ.

ವಾರದ ಗುಳಿಗೆ ಇವಳಿಗೆ ಸಾಲದು, ತಾಲೂಕು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಾರಣ ಹುಡುಕಬೇಕು, ಬೇಕಾದರೆ ರಕ್ತ ಏರಿಸಬೇಕು, ಹೀಗೇ ಬಿಟ್ಟರೆ ಎದೆಗೆ ಬರುತ್ತದೆ ಎಂದರು ಡಾಕ್ಟರು. ಶಾಲೆ ಬಿಟ್ಟ ಮೇಲೆ ಮನೆಗೆ ಹೋದೆ. ಅಪ್ಪ ಮಾಲಿಂಗ ಟ್ರ್ಯಾಕ್ಟರ್ ಡ್ರೈವರ್, ತಾಯಿ ಬೆಳಗಾದರೆ ಕಂಡವರ ಹೊಲಕ್ಕೆ ಕೂಲಿ. ಮನೆಯಲ್ಲಿ ಮಾತು ನಡೆಯುವುದು ಅಜ್ಜಿ ಬಾಳವ್ವಂದು. ನಾನು ರಕ್ತ ಕಡಿಮೆ ಎಂದರೆ ಅವಳು ಹೆಮ್ಮೆಯಿಂದ, ನಮ್ಮ ಮನೆತನದ ಹೆಣ್ಣುಮಕ್ಕಳೆಲ್ಲ ಬೆಳ್ಳಗೇ ಎಂದಳು. ಮೊಮ್ಮಗಳ ಬಿಳುಪನ್ನು ನಾಲ್ಕು ಊರಲ್ಲಿ ಹೊಗಳಿದ್ದಾಳೆ, ಈಗ ನಾನು ಬಂದು ಅದು ರೋಗ ಎಂದರೆ ಒಪ್ಪುತ್ತಾಳೆಯೇ. ಚಹಾ ಕೊಟ್ಟು ಕಳಿಸಿದಳು. ಇಂಥ ಅಜ್ಜಿಯರನ್ನು ನಾನು ಬಹಳ ನೋಡಿದ್ದೇನೆ, ಬಿಡುವವಳಲ್ಲ.

ಜುಲೈ ೧೧, ಶುಕ್ರವಾರ

ಗೆದ್ದೆ.

ಈ ಸಲ ಬಾಳವ್ವನ ಜೊತೆ ಕೂತು ಶೇಂಗಾ ಸುಲಿದೆ. ರಕ್ತದ ಮಾತು ತೆಗೆಯಲೇ ಇಲ್ಲ. ಲಕ್ಷ್ಮೀ ನೀರಿನ ಕೊಡ ಹೊತ್ತು ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುವುದನ್ನು ಇಬ್ಬರೂ ನೋಡಿದೆವು. ಬಾಳವ್ವನ ಕೈ ನಿಂತಿತು. ಅವಳೇ ಅಂದಳು, "ಪಂಚಮಿ ಮುಗೀಲಿ, ಕರಕೊಂಡ ಹೋಗ್ರಿ ಅಕ್ಕಾರ. ಡಾಕ್ಟರ್‌ದು ನಂಗ ಗೊತ್ತಿಲ್ಲ, ನಿಮ್ಮ ಮ್ಯಾಲ ನಂಬಿಗಿ ಇಟ್ಟ ಹೇಳಾಕತ್ತೇನಿ."

ಪಂಚಮಿಯ ಮರುದಿನ ಬುಧವಾರಕ್ಕೆ ಆಸ್ಪತ್ರೆಯಲ್ಲಿ ಹಾಸಿಗೆ ಹೇಳಿಟ್ಟೆ. ಮನೆಗೆ ಬಂದು ಅವ್ವನಿಗೆ ರಾತ್ರಿಯ ಬಿಪಿ ಗುಳಿಗೆ ಕೊಡುತ್ತ ಇದನ್ನೆಲ್ಲ ಹೇಳಿದೆ. ಅಷ್ಟು ಸಂತೋಷ ಯಾಕೆ, ಮಗಳ ಮದುವೆ ಗೊತ್ತಾದ ಹಾಗೆ ಆಡುತ್ತೀಯಲ್ಲ ಎಂದು ಅವ್ವ ಕಾಡಿಸಿದಳು.

ಜುಲೈ ೨೪, ಗುರುವಾರ

ತಿಂಗಳಿಂದ ಪೂರೈಕೆ ನಿಂತಿದ್ದ ನೀಲಿ ಗುಳಿಗೆ ಇವತ್ತು ಬಂದಿದೆ. ಮುಂದಿನ ಗುರುವಾರ ಜಿಲ್ಲೆಯ ಸಾಹೇಬರ ಸಭೆ, ಅಷ್ಟರಲ್ಲಿ ಶುರುವಾಗಿರಬೇಕು. ಸೋಮವಾರ ಹಳ್ಳದ ಸಾಲಿಯಲ್ಲಿ ನಾನೇ ನಿಂತು ಕೊಡಿಸುತ್ತೇನೆಂದು ಫೋನು ಮಾಡಿದೆ. ಪಂಚಮಿ ಕಳೆಯಲಿ ಎಂದರು ಸಿದ್ರಾಯ ಸರ್. ಇವರಿಗೆ ಪಂಚಮಿ ಕಳೆದರೆ ಗಣಪತಿ, ಗಣಪತಿ ಕಳೆದರೆ ದಸರಾ. ಕೇಳಲಿಲ್ಲ.

ಜುಲೈ ೨೮, ಸೋಮವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಬೆಳಿಗ್ಗೆ ಅವ್ವ ಇವತ್ತು ನಾಗರ ಚೌತಿ ಎಂದು ನೆನಪಿಸಿದಳು. ಅಣ್ಣನ ಹೆಸರಿನಲ್ಲಿ ವರ್ಷಕ್ಕೊಂದು ಈ ಉಪವಾಸ ಬಿಟ್ಟವಳಲ್ಲ ನಾನು. ಅಭಿಷೇಕ ಹುಬ್ಬಳ್ಳಿಯಲ್ಲಿ ಹೊಟ್ಟೆ ತುಂಬ ತಿಂದುಕೊಂಡಿರುತ್ತಾನೆ, ನಾನಿಲ್ಲಿ ಬರೀ ಚಹಾ. ಹಾಗೇ ಬಸ್ಸು ಹತ್ತಿದೆ.

ಊಟದ ಗಂಟೆ ಆದ ಮೇಲೆ ಹುಡುಗಿಯರನ್ನು ಸಾಲಾಗಿ ಕೂರಿಸಿದೆವು. ಊಟ ಆಯಿತೇ ಎಂದು ಮೈನಾಬಿ ಟೀಚರ್ ಕೇಳಿದರು, ಎಲ್ಲರೂ ಒಟ್ಟಿಗೆ ಆಯಿತು ಎಂದರು. ಯಾವಾಗಲೂ ಮೊದಲ ಗುಳಿಗೆ ನಾನು ನುಂಗುವುದು. ಇವತ್ತು ಉಪವಾಸ, ಬರಿ ಹೊಟ್ಟೆಯಲ್ಲಿ ಅದು ಸಂಕಟ ಮಾಡುತ್ತದೆ, ಅದಕ್ಕೆ ಕೈಯಲ್ಲಿ ಹಿಡಿದು ತೋರಿಸಿ ಮತ್ತೆ ಚೀಲಕ್ಕೆ ಹಾಕಿದೆ. ಲಕ್ಷ್ಮೀ ಮೊದಲನೇ ಸಾಲಿನಲ್ಲಿದ್ದಳು. ಬುಧವಾರ ಹೋಗೋಣವೇ ಎಂದು ಕೇಳಿದರೆ ನಕ್ಕಳು.

ಗಣಿತದ ತಾಸಿನಲ್ಲಿ ಒಬ್ಬಳು ವಾಂತಿ ಮಾಡಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಆಮೇಲೆ ಯಾರು ಎಲ್ಲಿ ಎಂದು ಹೇಳುವುದೇ ಆಗಲಿಲ್ಲ. ವರಾಂಡದ ತುಂಬ ಹೊಟ್ಟೆ ಹಿಡಿದುಕೊಂಡ ಹುಡುಗಿಯರು. ಲಕ್ಷ್ಮೀ ನಳದ ಹತ್ತಿರ ಕುಸಿದು ಬಿದ್ದಳು. ಆಂಬುಲೆನ್ಸ್ ಸಾಲದೆ ಟ್ರ್ಯಾಕ್ಟರ್‌ಗಳಲ್ಲಿ ಹಾಕಿಕೊಂಡು ಹೋದರು. ಯಾರದೋ ತಾಯಿ ನನ್ನ ಸೆರಗು ಜಗ್ಗಿ ಏನೋ ಕೇಳುತ್ತಿದ್ದಳು, ನನಗೆ ಅವಳ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸಲಿಲ್ಲ.

ಸಂಜೆ ಹೊತ್ತಿಗೆ ಎಲ್ಲರೂ ಸುಧಾರಿಸಿದರು, ಮನೆಗೆ ಕಳಿಸಿದರು. ಲಕ್ಷ್ಮೀಯನ್ನು ಇಟ್ಟುಕೊಳ್ಳುತ್ತೇವೆಂದು ಆಸ್ಪತ್ರೆಯವರು ಎಷ್ಟು ಹೇಳಿದರೂ ಮಾಲಿಂಗ ಕೇಳಲಿಲ್ಲ, ಮಗಳನ್ನು ಎತ್ತಿಕೊಂಡು ಹೋದ.

ಯಾಕೆ ಹೀಗಾಯಿತೋ ತಿಳಿಯದು. ಗುಳಿಗೆಯ ಅವಧಿ ನೋಡಿದೆ, ಮುಗಿದಿಲ್ಲ. ನೀರು ನೋಡಿದೆ, ಚೆನ್ನಾಗಿಯೇ ಇದೆ. ಮನೆಗೆ ಬಂದಾಗ ಅವ್ವ, ಮುಂಜಾನೆಯಿಂದ ಖಾಲಿ ಹೊಟ್ಟೆ ಎಂದು ತಿನ್ನಲು ಕೊಟ್ಟಳು. ಎರಡು ತುತ್ತು ತಿಂದೆ.

ಜುಲೈ ೨೯, ಮಂಗಳವಾರ, ಪಂಚಮಿ

ಬಾಜೂ ಮನೆಯ ಹುಡುಗಿಯರು ಜೋಕಾಲಿ ಆಡುತ್ತ ತಮ್ಮ ತಮ್ಮ ಉಪವಾಸದ ಹೆಚ್ಚುಗಾರಿಕೆ ಹೇಳಿಕೊಳ್ಳುತ್ತಿದ್ದರು. ಒಬ್ಬಳು, ನಿನ್ನೆ ಸಾಲಿಯಲ್ಲಿ ತಾಟು ಹಿಡಿದು ಸುಮ್ಮನೆ ಕೂತು, ಅನ್ನವನ್ನು ಗೆಳತಿಗೆ ಕೊಟ್ಟೆ, ಟೀಚರಿಗೆ ಗೊತ್ತೇ ಆಗಲಿಲ್ಲ ಎಂದಳು. ನಾನು ಕೈಯಲ್ಲಿದ್ದ ಉಂಡಿಯನ್ನು ಹಾಗೇ ಹಿಡಿದು ನಿಂತುಬಿಟ್ಟೆ.

ಆ ಸಾಲಿನಲ್ಲಿ ಕೂತವರಿಗೆಲ್ಲ ಅಣ್ಣ ತಮ್ಮಂದಿರಿದ್ದಾರೆ. ಮೇಲಾಗಿ ಶ್ರಾವಣದ ಮೊದಲ ಸೋಮವಾರ. ಊಟ ಆಯಿತೇ ಎಂದರೆ ಆಯಿತು ಎನ್ನದಿದ್ದರೆ ಬೈಗುಳ ಬೀಳುತ್ತದೆ. ಅವರು ಹೇಳುವುದು ಬೇಡ, ನಾನು ತಿಳಿದುಕೊಳ್ಳಬೇಕಿತ್ತು. ಬರಿ ಹೊಟ್ಟೆಗೆ ಆಗುವುದಿಲ್ಲ ಎಂದು ನನ್ನ ಗುಳಿಗೆಯನ್ನು ಚೀಲಕ್ಕೆ ಹಾಕಿಕೊಂಡು, ಅದೇ ಕೈಯಿಂದ ಅವರ ಬರಿ ಹೊಟ್ಟೆಗೆ ಕೊಟ್ಟೆನಲ್ಲ.

ಮೈನಾಬಿ ಟೀಚರಿಗೆ ಫೋನು ಮಾಡಿದೆ. ಅವರಿಗೆ ರಾತ್ರಿಯೇ ಹೊಳೆದಿತ್ತಂತೆ. ನನಗೆ ಹೇಳಲು ಮನಸ್ಸು ಬರಲಿಲ್ಲ ಎಂದರು.

ಜುಲೈ ೩೦, ಬುಧವಾರ

ಲಕ್ಷ್ಮೀಯ ಹಾಸಿಗೆ ಸಂಜೆಯವರೆಗೆ ಖಾಲಿ ಇತ್ತು. ಆಮೇಲೆ ಬೇರೆಯವರಿಗೆ ಕೊಟ್ಟರು.

ಆಗಸ್ಟ್ ೨, ಶನಿವಾರ

ವಿಚಾರಣೆ ಮುಗಿಯುವವರೆಗೆ ಮೂರೂ ತಾಲೂಕಿನಲ್ಲಿ ಗುಳಿಗೆ ನಿಲ್ಲಿಸಿದ್ದಾರೆ. ಜಿಲ್ಲೆಯ ಸಾಹೇಬರ ಮುಂದೆ ಎಲ್ಲ ಒಪ್ಪಿಕೊಂಡು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, ನೀವು ಇದೇ ಕಡೆಯವರಲ್ಲವೇ, ಚೌತಿ ಗೊತ್ತಿರಲಿಲ್ಲವೇ ಎಂದು ಕೇಳಿದರು. ನಿಡಸೋಸಿಯವಳು ಎಂದೆ. ಅದನ್ನೂ ಬರೆದುಕೊಂಡರು.

ವಾಂತಿ ಮಾಡುವ ಹುಡುಗಿಯರ ವಿಡಿಯೋ ಎಲ್ಲರ ಫೋನಿನಲ್ಲಿದೆ. ಕೊಣ್ಣೂರ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು: ಪ್ರತಿ ಸಲ ತಾನೂ ನುಂಗುತ್ತಿದ್ದಳಂತೆ, ಅವತ್ತು ಮಾತ್ರ ಮಕ್ಕಳಿಗೆ ಕೊಟ್ಟು ತನ್ನದನ್ನು ಚೀಲಕ್ಕೆ ಹಾಕಿಕೊಂಡಳಂತೆ, ಗೊತ್ತಿದ್ದೇ ಮಾಡಿದ್ದಾಳೆ. ಅವರು ಹೇಳಿದ್ದರಲ್ಲಿ ಕೊನೆಯ ಮಾತೊಂದು ಬಿಟ್ಟರೆ ಸುಳ್ಳು ಯಾವುದೂ ಇರಲಿಲ್ಲ. ಅವರ ಪಕ್ಕದಲ್ಲೇ ಕೂತಿದ್ದೆ, ಎದ್ದು ಬೇರೆ ಕಡೆ ನಿಂತೆ.

ಆಗಸ್ಟ್ ೧೩, ಬುಧವಾರ

ಧೈರ್ಯ ಮಾಡಿ ಬಾಳವ್ವನ ಮನೆಗೆ ಹೋದೆ. ಚಹಾ ಬರಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ಲಕ್ಷ್ಮೀ ಒಳಗಿನ ಕೋಣೆಯಿಂದ ಇಣುಕಿದಳು. ಅವಳ ತಂಗಿ, ಆರನೆಯ ತರಗತಿಯ ಯಲ್ಲವ್ವ, ನನ್ನನ್ನು ನೋಡಿ ಅಜ್ಜಿಯ ಹಿಂದೆ ಸರಿದಳು. ನಾನು ಆಸ್ಪತ್ರೆಯ ಮಾತು ಎತ್ತಿದೆ. ಬಾಳವ್ವ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಅವತ್ತ ನೀವ್ಯಾಕ ನುಂಗಲಿಲ್ರಿ?"

"ನಂಗ ಉಪಾಸ ಇತ್ರಿ ಆಯಿ."

"ನಮ್ಮ ಹುಡುಗೀಗಿ ಇರಲಿಲ್ಲೇನ್ರಿ?"

ಅಲ್ಲಿಂದ ಬಸ್‌ಸ್ಟಾಪಿನವರೆಗೂ ನಡೆದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ನದಿಗೆ ನೀರು ಏರಿದೆ, ಬಸ್ಸು ಅರಭಾವಿ ಮೇಲೆ ಸುತ್ತು ಹಾಕಿಕೊಂಡು ಬಂತು.

ಆಗಸ್ಟ್ ೧೮, ಸೋಮವಾರ

ಮನೆಯಲ್ಲೇ ಇದ್ದೆ. ಹಸಿವಾಗಲಿಲ್ಲ. ಅವ್ವನ ಬಿಪಿ ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಹೆಸರು ಓದಿದೆ, ಊಟ ಆಯಿತೇ ಎಂದು ಕೇಳಿದೆ, ಕೊಡುವ ಮೊದಲು ಮತ್ತೊಮ್ಮೆ ಓದಿದೆ. ನಿನಗೇನು ಕಣ್ಣು ಮಂಜಾದವೇ ಎಂದಳು ಅವ್ವ. ಜಾಗ್ರತೆ ಇದ್ದರೆ ತಪ್ಪೇನು.

ಸೆಪ್ಟೆಂಬರ್ ೯, ಮಂಗಳವಾರ

ಲಕ್ಷ್ಮೀ ಶಾಲೆ ಬಿಟ್ಟಿದ್ದಾಳೆ. ಪ್ರಾರ್ಥನೆಯನ್ನು ಬೇರೆ ಹುಡುಗಿ ಹೇಳಿಸುತ್ತಾಳೆ. ಅವಳಿಗೆ ಉಸಿರು ಚೆನ್ನಾಗಿದೆ, ಆದರೂ ಅಲ್ಲಲ್ಲೇ ನಿಂತು ಹೇಳುತ್ತಾಳೆ.

ಅಖ್ತರ ಸಾಹೇಬರನ್ನು ಕರೆದುಕೊಂಡು ಹೋದೆ. ನಮ್ಮನ್ನು ದೂರದಿಂದ ನೋಡಿಯೇ ಬಾಳವ್ವ ಬಾಗಿಲು ಹಾಕಿಕೊಂಡಳು. ಡಾಕ್ಟರು ಹೊರಗೆ ನಿಂತು, ಗುಳಿಗೆ ಕೊಡುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ಬರೀ ನೋಡುತ್ತೇನೆ ಎಂದರು. ಒಳಗಿನಿಂದ ಕೆಮ್ಮು ಕೇಳಿಸಿತು. ಮಾಲಿಂಗನಿಗೆ ಫೋನು ಹಚ್ಚಿದರೆ, ತೋಟದ ಕಡೆ ಒಬ್ಬ ನಾಟಿ ಔಷಧಿ ಕೊಡುತ್ತಿದ್ದಾನೆ, ಆರಾಮ ಆಗಾಕತ್ತೈತಿ, ನಿಮ್ಮ ಉಪಕಾರ ಸಾಕು ಎಂದ. ಡಾಕ್ಟರು ಹೊರಡುವಾಗ, ನೀವು ಜೊತೆಗಿರದಿದ್ದರೆ ಬಾಗಿಲು ತೆಗೆಯುತ್ತಿದ್ದರೇನೋ ಎಂದು ಮೆಲ್ಲಗೆ ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಖರೆಯೇ ಇರಬಹುದು. ಸಂಜೆ ಅವರೊಬ್ಬರೇ ಮತ್ತೆ ಹೋಗಿ ಬಂದರು. ಅವರಿಗೂ ತೆಗೆಯಲಿಲ್ಲ.

ಸೆಪ್ಟೆಂಬರ್ ೨೫, ಗುರುವಾರ

ಮೈನಾಬಿ ಟೀಚರ್ ಫೋನು ಮಾಡಿದ್ದರು. ಜ್ವರ ಬಂದು, ಉಸಿರು ಸಿಗದೆ, ನಿನ್ನೆ ಬೆಳಗಾವಿಗೆ ಒಯ್ದರಂತೆ. ಲಕ್ಷ್ಮೀ ಇವತ್ತು ಬೆಳಿಗ್ಗೆ ಹೋದಳು.

ಸೆಪ್ಟೆಂಬರ್ ೨೬, ಶುಕ್ರವಾರ

ಲಕ್ಷ್ಮೀಯ ಮಣ್ಣಿಗೆ ಹೋಗಲಿಲ್ಲ. ನನ್ನನ್ನು ನೋಡಿದರೆ ಅವರಿಗೆ ಏನಾಗುತ್ತಿತ್ತೋ ಎಂದು ಹೋಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ಹೆದರಿ ಹೋಗಲಿಲ್ಲ.

ಅಕ್ಟೋಬರ್ ೧೪, ಮಂಗಳವಾರ

ಬೆಳಗಾವಿಯ ಡಾಕ್ಟರು ಬಾಳವ್ವನನ್ನು ಕೇಳಿದ್ದರಂತೆ, ಇಷ್ಟು ದಿನ ರಕ್ತದ ಗುಳಿಗೆಯನ್ನಾದರೂ ಯಾಕೆ ಕೊಡಲಿಲ್ಲ ಎಂದು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳಂತೆ. ಮೈನಾಬಿ ಟೀಚರ್ ಹೇಳಿದರು. ಇದನ್ನು ನನಗೆ ಯಾಕೆ ಹೇಳಬೇಕಿತ್ತೋ.

ಅವ್ವನಿಗೆ ಅವಳ ಗುಳಿಗೆ ಅವಳೇ ತೆಗೆದುಕೊಳ್ಳಲು ಹೇಳಿದ್ದೇನೆ. ಅವಳಿಗೆ ರೂಢಿಯಾದರೆ ಒಳ್ಳೆಯದು, ನಾನು ದಿನಾ ಮನೆಯಲ್ಲಿರುವುದಿಲ್ಲ.

ನವೆಂಬರ್ ೬, ಗುರುವಾರ

ವಿಚಾರಣೆ ಮುಗಿದಿದೆ. ಗುಳಿಗೆಯಲ್ಲಿ ದೋಷವಿಲ್ಲ, ಉಪವಾಸದಿಂದ ಆದ ತೊಂದರೆ, ಮುಂದೆ ಹಬ್ಬದ ದಿನ ನೋಡಿ ಕೊಡತಕ್ಕದ್ದು. ನನಗೊಂದು ಎಚ್ಚರಿಕೆ, ಅಷ್ಟೇ. ಸೋಮವಾರದಿಂದ ಮತ್ತೆ ಶುರು ಮಾಡಲು ಹೇಳಿದ್ದಾರೆ.

ಹಳ್ಳದ ಸಾಲಿಗೆ ಹೋದೆ. ಮೈನಾಬಿ ಟೀಚರ್ ಕಪಾಟಿನ ಕೀಲಿ ತೆಗೆದು, ಗುಳಿಗೆ ಹೊರಗಿಟ್ಟು ಕಾಯುತ್ತಿದ್ದರು. ಮಕ್ಕಳನ್ನು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿ ಉಣಿಸಿ ಕೊಡುತ್ತೇನೆ, ಲಕ್ಷ್ಮೀಯ ಹಾಗೆ ಇನ್ನೊಬ್ಬಳು ಹೋಗಬಾರದು ಎಂದರು. ನಾನು ಅವಸರ ಬೇಡ ಎಂದೆ. ಪಾಲಕರ ಸಹಿ ಬರಲಿ, ಡಾಕ್ಟರ ಗಾಡಿ ಬರುವ ದಿನ ಇಟ್ಟುಕೊಳ್ಳೋಣ, ಅಲ್ಲಿಯವರೆಗೆ ಒಳಗೇ ಇರಲಿ ಎಂದೆ. ಅವರು ಗುಳಿಗೆಗಳನ್ನು ಒಳಗಿಟ್ಟು ಕಪಾಟು ಮುಚ್ಚಿದರು. ಮೊದಲು ಇವರೇ ಹೆದರುತ್ತಿದ್ದವರು, ಈಗ ಇಷ್ಟು ಮುನ್ನುಗ್ಗಿದರೆ ಹೇಗೆ.

ಬೇರೆ ಶಾಲೆಗಳಿಗೂ ಇದನ್ನೇ ಹೇಳಿದ್ದೇನೆ. ಹುಕ್ಕೇರಿಯ ಕಡೆ ಒಬ್ಬ ಹೆಡ್‌ಮಾಸ್ತರರು, ನೀವು ಬಂದು ಮೊದಲ ಗುಳಿಗೆ ನುಂಗಿ ತೋರಿಸಿದರೆ ಕೊಡುತ್ತೇವೆ ಎಂದರು. ಬರುತ್ತೇನೆ ಎಂದಿದ್ದೇನೆ. ಈ ವಾರ ಆಗಲಿಲ್ಲ, ಮುಂದಿನ ವಾರವೂ ಕಷ್ಟ.

ನವೆಂಬರ್ ೧೭, ಸೋಮವಾರ

ಹಳ್ಳದ ಸಾಲಿಯಲ್ಲಿ ಕೈ ತೊಳೆಯುವ ಪಾಠ ಮಾಡಿಸಿ ಬಸ್‌ಸ್ಟಾಪಿಗೆ ಬಂದರೆ ಬಾಳವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು. ಬಗಲಲ್ಲಿ ಯಲ್ಲವ್ವ. ನಾನು ಬರುವ ದಿನ ವಿಚಾರಿಸಿಕೊಂಡು, ಹುಡುಗಿಯನ್ನು ಇವತ್ತು ಸಾಲಿಗೆ ಕಳಿಸದೆ ಬೆಳಿಗ್ಗೆಯಿಂದ ಕಾಯುತ್ತಿದ್ದಳಂತೆ. ಬಹಳ ಇಳಿದುಹೋಗಿದ್ದಾಳೆ. ಅವಳೇ ಎದ್ದು ಬಂದಳು.

ಯಲ್ಲವ್ವನ ಮುಖವನ್ನು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನನಗೆ ತೋರಿಸಿದಳು. ಇದನ್ನು ಬೆಳಗಾವಿಯಲ್ಲಿ ಡಾಕ್ಟರು ಮಾಡುವುದನ್ನು ನೋಡಿ ಕಲಿತಿರಬೇಕು.

"ಇಕಿದೂ ಬೆಳ್ಳಗ ಐತ್ರಿ ಅಕ್ಕಾರ. ಎದುರಿಗಿ ಕುಂಡ್ರಿಸಿಕೊಂಡ ರೊಟ್ಟಿ ಉಣ್ಸೇನಿ, ಹೊಟ್ಟಿ ತುಂಬ ಐತಿ. ಒಂದ ಗುಳಿಗಿ ಕೊಡ್ರಿ."

ಹುಡುಗಿ ನನ್ನ ಚೀಲವನ್ನೇ ನೋಡುತ್ತಿದ್ದಳು. ಏನು ಉಂಡೆ ಎಂದು ಕೇಳಿದೆ, ರೊಟ್ಟಿ ಎಂದಳು. ಇನ್ನೇನು ಎಂದೆ, ಬದನೆಕಾಯಿ ಪಲ್ಯ ಎಂದಳು. ಯಾವಾಗ ಎಂದೆ. ಮತ್ತೆ ಮೊದಲಿನಿಂದ ಕೇಳಿದೆ. ಬಾಳವ್ವ ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ನಿಂತಿದ್ದಳು.

"ಗುಳಿಗಿ ಮುಗದಾವ್ರಿ ಆಯಿ," ಅಂದೆ. "ಬಂದ ಮ್ಯಾಲ ಹೇಳಿ ಕಳಸ್ತೇನಿ."

ಚೀಲದಲ್ಲಿ ಎರಡು ಪಟ್ಟಿ ಇದ್ದವು. ಆದರೆ ರಸ್ತೆಯ ಮೇಲೆ ನಿಂತು, ಡಾಕ್ಟರಿಲ್ಲದೆ, ರಕ್ತ ನೋಡದೆ ಕೊಡುವುದು ಸರಿಯಲ್ಲ. ಅಖ್ತರ ಸಾಹೇಬರನ್ನು ಒಂದು ಮಾತು ಕೇಳಿ, ಮಾಲಿಂಗನ ಸಹಿಯನ್ನೂ ತೆಗೆದುಕೊಂಡು ಆಮೇಲೆ ಕೊಡುವುದೇ ಕ್ರಮ. ಶಾಲೆಗೆ ಕಳಿಸಿ ಮೈನಾಬಿ ಟೀಚರಿಂದ ಕೊಡಿಸಬಹುದಿತ್ತು, ಅಷ್ಟರಲ್ಲಿ ಬಸ್ಸು ಕಂಡಿತು. ಯಾರೇ ಆಗಿದ್ದರೂ ಹೀಗೇ ಮಾಡುತ್ತಿದ್ದರು.

ಬಾಳವ್ವ ನನ್ನ ಮಾತನ್ನು ನಂಬಿದಳು. ಹುಡುಗಿಯ ಕೈ ಹಿಡಿದುಕೊಂಡು, "ಆತ್ರಿ, ಬಂದಾಗ ಹೇಳ್ರಿ. ನಾ ದಿನಾ ಉಣ್ಸಿ ಇಟ್ಟಿರ್ತೇನಿ," ಎಂದಳು.

ಬಸ್ಸು ಹತ್ತಿದೆ. ಗೋಕಾಕದವರೆಗೂ ಸೀಟು ಸಿಕ್ಕಿತು.